ಕೈ ತೊಳೆಯುವ ರೈಲು

ನಮ್ಮ ಬಾಲವಾಡಿಯ ನಲ್ಲಿ ಇರುವುದು ಸಭಾಗೃಹದ ಹಿಂದಿನ ಪ್ಯಾಸೇಜಿನ ಕೊನೆಯಲ್ಲಿ. ನಾನು ಎರಡೂ ಕೈ ಚಾಚಿದರೆ ಬೆರಳ ತುದಿ ಎರಡೂ ಗೋಡೆಗೆ ತಾಗುತ್ತದೆ, ಅಷ್ಟೇ ಅಗಲ. ಒಂದು ಬದಿಗೆ ಸಂಘದ ಮಡಚುವ ಕುರ್ಚಿಗಳನ್ನು ಒರಗಿಸಿಟ್ಟಿರುವುದರಿಂದ ನಡೆಯಲು ಉಳಿಯುವುದು ಅದರ ಅರ್ಧ. ಬೆಳಿಗ್ಗೆ ಹತ್ತೂಕಾಲಿಗೆ, ಡಬ್ಬಿ ಬಿಚ್ಚುವ ಮೊದಲು, ಹದಿನಾಲ್ಕು ಮಕ್ಕಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿ ಕೈ ತೊಳೆಸುವ ಪದ್ಧತಿ ಹಾಕಿದವಳು ನಾನೇ. ಮುಂದಿನವರ ಅಂಗಿಯ ಚುಂಗು ಹಿಡಿದುಕೊಂಡು ‘ಕುಕ್ ಕುಕ್’ ಅನ್ನುತ್ತಾ ಬರುವುದು. ಅದಕ್ಕೆ ರೈಲು ಎಂದು ಹೆಸರು. ಒಮ್ಮೆ ಠಾಣೆ ನಗರದ ಇನ್ನೊಂದು ಬಾಲವಾಡಿಯವರು ಬಂದಾಗ ಅದನ್ನು ನೋಡಿ ಮೆಚ್ಚಿ ವಿಡಿಯೊ ಮಾಡಿಕೊಂಡು ಹೋಗಿದ್ದರು. ನನಗೆ ಆ ರೈಲಿನ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಕನ್ನಡ ಸಂಘದ ನೆಲಮಹಡಿಯಲ್ಲಿ ಪಾಲಕರೇ ಕೂಡಿ ನಡೆಸುವ ಬಾಲವಾಡಿ. ಸಹಕಾರಿ ಎಂದಮೇಲೆ ಪ್ರತಿ ಮನೆಗೂ ಎರಡು ಕೆಲಸ ಕಡ್ಡಾಯ. ಹದಿನೈದು ದಿನಕ್ಕೊಮ್ಮೆ ತಾಯಿಯೋ ತಂದೆಯೋ ಬಂದು ಬೆಳಗಿನ ಪಾಳಿ ಮಾಡಬೇಕು. ಶನಿವಾರ ನಾಲ್ಕು ಗಂಟೆಗೆ ಪಾಲಕರ ತರಗತಿಗೆ ಕೂರಬೇಕು. ಮಕ್ಕಳನ್ನು ನೋಡಿಕೊಳ್ಳುವುದರ ಜೊತೆಗೆ ಈ ಶನಿವಾರದ ತರಗತಿಯನ್ನು ನಡೆಸುವುದೂ ನನ್ನ ಪಾಲಿನದು. ಅದಕ್ಕೆ ಪಠ್ಯಪುಸ್ತಕವಿಲ್ಲ. ಪಾಳಿಗೆ ಬಂದವರು ಮನೆಗೆ ಹೋಗುವ ಮೊದಲು ತುಂಬಿಸಿಕೊಡುವ ಚೀಟಿಗಳೇ ಪಠ್ಯ. ಚೀಟಿಯಲ್ಲಿ ಐದು ಮನೆ: ಗಂಟೆ ಎಷ್ಟು, ಎಲ್ಲಿ, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ದೊಡ್ಡವರು ಏನು ಮಾಡಿದರು. ಕಂಡದ್ದನ್ನು ಮಾತ್ರ ಬರೆಯಬೇಕು. ಯಾರಾದರೂ ‘ಹಠಮಾರಿ’ ಎಂದು ಬರೆದರೆ ನಾನು ಪೆನ್ಸಿಲಿನಲ್ಲಿ ಗೀಟು ಎಳೆದು, ಹಠ ನಿಮಗೆ ಹೇಗೆ ಕಂಡಿತು, ಕೈ ಏನು ಮಾಡುತ್ತಿತ್ತು, ಕಾಲು ಎಲ್ಲಿತ್ತು ಎಂದು ಕೇಳುತ್ತೇನೆ. ಶನಿವಾರ ಆ ವಾರದ ಒಂದೆರಡು ಚೀಟಿಗಳನ್ನು ಹೆಸರು ಬಿಟ್ಟು ಓದಿ, ಅದರ ಮೇಲೆ ಮಾತಾಡುತ್ತೇವೆ. ಹೆಸರು ಬಿಟ್ಟರೆ ಸಾಕು ಎಂದು ನಾನು ಒಂದು ಮಗು ಬಂದು ಸೇರುವವರೆಗೆ ನಂಬಿದ್ದೆ.

ಆ ಮಗು ಬಂದದ್ದು ಜೂನ್‌ನಲ್ಲಿ. ಎರಡು ವರ್ಷ ಒಂಬತ್ತು ತಿಂಗಳ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಎರಡು ಜುಟ್ಟು. ತಾಯಿ ಶಹಾಡ್‌ನಿಂದ ಲೋಕಲ್ ರೈಲು ಹತ್ತಿ ಬರುತ್ತಿದ್ದಳು. ಡೊಂಬಿವಲಿಯ ನಾಲ್ಕು ಕನ್ನಡದ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ ಅವಳದು. ಗಂಡ ಭಿವಂಡಿಯ ಗೋದಾಮಿನಲ್ಲಿ ಲೋಡಿಂಗ್. ಕಲಬುರಗಿ ಕಡೆಯವರು. ಬಾಲವಾಡಿಯ ಉಳಿದ ಮನೆಗಳೆಲ್ಲ ಹೆಚ್ಚು ಕಡಿಮೆ ಕಂಪನಿ, ಬ್ಯಾಂಕು, ಲ್ಯಾಪ್‌ಟಾಪಿನವು. ಆದರೆ ಪಾಳಿ ತಪ್ಪಿಸದೆ ಬರುತ್ತಿದ್ದವಳು ಇವಳೇ. ಅಕ್ಷರ ಬಾರದ್ದರಿಂದ ಅವಳ ಚೀಟಿಯನ್ನು ಅವಳು ಹೇಳಿದಂತೆ ನಾನೇ ಬರೆಯುತ್ತಿದ್ದೆ. ಒಂದು ಮಾತು ಕಡಿಮೆ ಇಲ್ಲ, ಒಂದು ಹೆಚ್ಚಿಲ್ಲ. ಅಷ್ಟು ಶುದ್ಧ ಚೀಟಿ ಓದುಬರಹ ಬಲ್ಲವರೂ ಕೊಟ್ಟದ್ದಿಲ್ಲ. ಮಗು ಮಾತ್ರ ಬಾಲವಾಡಿಯಲ್ಲಿ ತುಟಿ ಬಿಚ್ಚಿರಲಿಲ್ಲ. ಕನ್ನಡ, ಹಿಂದಿ, ಮರಾಠಿ ಮೂರೂ ತಿಳಿಯುತ್ತಿತ್ತು. ಹೇಳಿದ್ದನ್ನು ಮಾಡುತ್ತಿತ್ತು. ಮಾತಿಲ್ಲ.

ಎರಡನೆಯ ವಾರ ಮೊದಲ ಸಲ ಕಚ್ಚಿತು. ಇನ್ನೊಂದು ಹುಡುಗಿಯ ಭುಜ. ಆ ವಯಸ್ಸಿನ ಮಕ್ಕಳು ಕಚ್ಚುವುದು ಹೊಸದಲ್ಲ. ತಣ್ಣೀರಿನ ಬಟ್ಟೆ ಒತ್ತಿ, ಕಚ್ಚಿದ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ನೋಡಿ, ‘ನೋವಾಗುತ್ತದೆ’ ಎಂದಷ್ಟೇ ಹೇಳಿದೆ. ಮುಂದಿನ ವಾರ ಮತ್ತೆ, ಇನ್ನೊಂದು ಮಗುವಿನ ಬೆನ್ನು. ಹಲ್ಲು ಬರುತ್ತಿರಬೇಕೆಂದು ಬಟ್ಟೆಯ ಬಳೆ ಹೊಲಿದು, ರಿಬ್ಬನ್ನಿನಲ್ಲಿ ಅವಳ ಅಂಗಿಗೆ ಕಟ್ಟಿದೆ. ಬಳೆಯನ್ನು ಜಗಿದಳು, ಮೂರನೆಯ ದಿನ ಒಬ್ಬನ ಮೊಣಕೈಯನ್ನೂ ಕಚ್ಚಿದಳು. ಇಡೀ ಬೆಳಿಗ್ಗೆ ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಕೂತಷ್ಟು ಹೊತ್ತು ಏನೂ ಇಲ್ಲ, ಮಣಿ ಪೋಣಿಸಿದಳು. ನಾನು ನಲ್ಲಿ ತಿರುಗಿಸಲು ಮುಂದೆ ಹೋದ ಮೇಲೆ ನಾಲ್ಕನೆಯದು ಆಯಿತು.

ಐದನೆಯದು ಒಬ್ಬ ಹುಡುಗನ ಕೆನ್ನೆ. ಎದುರುಬದುರಾದ ಎರಡು ಅರ್ಧಚಂದ್ರದ ಗುರುತು, ಒಂದು ಕಡೆ ರಕ್ತ ಜಿನುಗಿತ್ತು. ಅವನ ತಂದೆ ಮೈಸೂರಿನವರು, ನವಿ ಮುಂಬಯಿಯ ಐರೋಲಿಯಲ್ಲಿ ಕಂಪನಿ ಕೆಲಸ. ಅವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಹತ್ತು ನಿಮಿಷದಲ್ಲಿ ಬಂದರು. ಕೂಗಾಡಲಿಲ್ಲ. ಮಗನ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ಫೋಟೊ ತೆಗೆದರು. ‘ನೀವು ಎಲ್ಲಿದ್ರಿ ಮೇಡಂ?’ ಅಂದರು. ನಲ್ಲಿ ಹತ್ತಿರ ಇದ್ದೆ ಎಂದೆ. ಸಂಜೆಯ ಹೊತ್ತಿಗೆ ಫೋಟೊ ಪಾಲಕರ ಗುಂಪಿನಲ್ಲಿ ಎಲ್ಲರ ಮೊಬೈಲಿಗೂ ತಲುಪಿತ್ತು.

ಆ ಶನಿವಾರ ನಾನೊಂದು ತಪ್ಪು ಮಾಡಿದೆ. ವಿಷಯವನ್ನು ಮುಚ್ಚಿಡಬಾರದು, ಕಲಿಯುವುದಕ್ಕೇ ಅಲ್ಲವೆ ತರಗತಿ ಎಂದುಕೊಂಡು ಐದನೆಯ ಚೀಟಿಯನ್ನು ಎತ್ತಿಕೊಂಡೆ. ‘ಒಂದು ಮಗು ಮುಂದಿದ್ದ ಮಗುವಿನ ಕೆನ್ನೆ ಕಚ್ಚಿತು’ ಎಂದು ಎಂದಿನ ಸಮಾಧಾನದ ದನಿಯಲ್ಲಿ ಓದಿದೆ. ಹೆಸರು ಬಿಟ್ಟಿದ್ದೆ. ಹದಿನಾಲ್ಕು ಮನೆಯವರ ಕೋಣೆಯಲ್ಲಿ ಹೆಸರು ಬಿಟ್ಟರೇನು, ಇಟ್ಟರೇನು. ಎಲ್ಲರ ಕತ್ತೂ ಬಾಗಿಲ ಬಳಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಒಬ್ಬಳ ಕಡೆಗೇ ತಿರುಗಿತು. ಯಾರೋ ಒಬ್ಬರು ಮೆಲ್ಲಗೆ, ಮನೆಯಲ್ಲಿ ನೋಡಿಕೊಳ್ಳುವವರು ಇರಲ್ವಲ್ಲ, ಮಕ್ಕಳು ಮತ್ತೆ ಹೇಗಾಗ್ತಾರೆ ಅಂದರು. ನಾನು ಆ ಮಾತಿಗೆ ಗೀಟು ಎಳೆಯಲಿಲ್ಲ. ಚೀಟಿಯ ಮೇಲಿನ ಮಾತಿಗೆ ಎಳೆಯುತ್ತಿದ್ದವಳು ಬಾಯಿಂದ ಬಂದ ಮಾತಿಗೆ ಸುಮ್ಮನಿದ್ದೆ. ಅವಳು ಎದ್ದಳು. ಮಗಳ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಟುಹೋದಳು.

ಅವಳು ಹೋದ ಮೇಲೆ ಐರೋಲಿಯ ತಂದೆ ಮಗುವನ್ನು ಬಾಲವಾಡಿಯಿಂದ ತೆಗೆಯುವ ವಿಷಯ ಎತ್ತಿದರು. ನಮ್ಮ ಕಾರ್ಯದರ್ಶಿ ಉಡುಪಿ ಕಡೆಯ ನಿವೃತ್ತರು, ನಿಯಮದ ಪುಸ್ತಕ ಸದಾ ಅವರ ಚೀಲದಲ್ಲೇ ಇರುತ್ತದೆ. ಅವರು ಅದನ್ನು ತೆರೆದು ಓದಿದರು: ಒಂದು ಮಗುವನ್ನು ಬಿಡಿಸಬೇಕಾದರೆ ಒಂದು ವಾರ ಮುಂಚೆ ತಿಳಿಸಿ, ಉಳಿದ ಪಾಲಕರು ಕಾಳು ಹಾಕಬೇಕು. ನಮ್ಮಲ್ಲಿ ಕೈ ಎತ್ತುವ ಪದ್ಧತಿ ಇಲ್ಲ. ಕೈ ಎತ್ತಿದರೆ ಮರುದಿನ ಲಿಫ್ಟಿನಲ್ಲಿ ಮುಖ ನೋಡುವುದು ಕಷ್ಟವೆಂದು ಬಾಲವಾಡಿ ಶುರುಮಾಡಿದವರು ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದಾರೆ. ಕಡಲೆ ಕಾಳು ಅಂದರೆ ಇರಲಿ, ಹುಣಸೆ ಬೀಜ ಅಂದರೆ ಬೇಡ. ಮುಂದಿನ ಶನಿವಾರ ಎಂದು ನಿಶ್ಚಯವಾಯಿತು.

‘ಎಂತ ಮಾಡುವುದು ಟೀಚರೇ,’ ಎಂದರು ಕಾರ್ಯದರ್ಶಿ, ಎಲ್ಲರೂ ಹೋದ ಮೇಲೆ. ‘ನೀವು ಆ ಚೀಟಿ ಇವತ್ತು ಓದಬಾರದಿತ್ತು.’

ಸೋಮವಾರ ಅವಳು ಮಗುವನ್ನು ಕರೆತರಲಿಲ್ಲ. ಮಂಗಳವಾರವೂ ಇಲ್ಲ. ಫೋನು ಬಂದ್. ಅವಳು ರೊಟ್ಟಿ ಬಡಿಯುವ ಒಂದು ಮನೆ ನನಗೆ ಗೊತ್ತಿತ್ತು. ಕೇಳಿದರೆ, ಸೋಮವಾರ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದಳು, ಗ್ಯಾಸಿನ ಹತ್ತಿರ ಮಗು ಬೇಡ ಎಂದು ಹೇಳಿದೆವು, ಮಂಗಳವಾರ ಬಂದಿಲ್ಲ ಎಂದರು. ಮಂಗಳವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹೀರೇಕಾಯಿ ಪಕ್ಕಕ್ಕೆ ಸರಿಸಿ ಐದೂ ಚೀಟಿಗಳನ್ನು ಒಂದರ ಕೆಳಗೆ ಒಂದು ಜೋಡಿಸಿದೆ. ಐದನ್ನೂ ಐದು ಬೇರೆ ಬೇರೆ ಪಾಲಕರು ಬರೆದಿದ್ದರು, ಹಾಗಾಗಿ ಯಾರಿಗೂ ಒಟ್ಟಾಗಿ ಕಂಡಿರಲಿಲ್ಲ. ಒಟ್ಟಾಗಿ ನೋಡಬೇಕಾದವಳು ನಾನು, ನಾನೂ ನೋಡಿರಲಿಲ್ಲ. ಗಂಟೆಯ ಮನೆಯಲ್ಲಿ ಹತ್ತೂ ಇಪ್ಪತ್ತು, ಹತ್ತೂ ಇಪ್ಪತ್ತೈದು, ಮತ್ತೆ ಹತ್ತೂ ಇಪ್ಪತ್ತು. ಜಾಗದ ಮನೆಯಲ್ಲಿ ಐದಕ್ಕೆ ಐದೂ ಪ್ಯಾಸೇಜು. ಕಚ್ಚಿಸಿಕೊಂಡದ್ದು ಪ್ರತಿ ಸಲವೂ ಮುಂದಿದ್ದ ಮಗು. ‘ಮುಂಚೆ ಏನಾಯಿತು’ ಎಂಬ ಮನೆಯಲ್ಲಿ ಮೂವರು ‘ಹಿಂದಿನಿಂದ ತಳ್ಳಿದರು’ ಎಂದು ಬರೆದಿದ್ದರು, ಇಬ್ಬರು ಖಾಲಿ ಬಿಟ್ಟಿದ್ದರು.

ನನ್ನ ರೈಲು.

ಆದರೂ ಅದು ಸಾಲುತ್ತಿರಲಿಲ್ಲ. ಉಳಿದ ಹದಿಮೂರು ಮಕ್ಕಳನ್ನೂ ಹಿಂದಿನಿಂದ ತಳ್ಳುತ್ತಾರೆ. ಅವರು ಅಳುತ್ತಾರೆ, ತಿರುಗಿ ತಳ್ಳುತ್ತಾರೆ, ಕಚ್ಚುವುದಿಲ್ಲ. ಶನಿವಾರ ಹೋಗಿ ಜಾಗ ಇಕ್ಕಟ್ಟು ಎಂದರೆ ಐರೋಲಿಯ ತಂದೆ ಇದನ್ನೇ ಕೇಳುತ್ತಾರೆ, ನನ್ನಲ್ಲಿ ಉತ್ತರವಿಲ್ಲ. ನಾಲ್ಕು ದಿನ ಉಳಿದಿತ್ತು.

ಬುಧವಾರ ಮಕ್ಕಳನ್ನು ಕಳಿಸಿದ ಮೇಲೆ ಶಹಾಡ್‌ಗೆ ಹೋದೆ. ಸ್ಟೇಷನ್ ದಾಟಿ, ಕಾರ್ಖಾನೆಯ ಉದ್ದನೆಯ ಗೋಡೆಗುಂಟ ಹೋದರೆ ಒಂದೊಂದೇ ಕೋಣೆಯ ಮನೆಗಳ ಚಾಳು. ಮೂರು ಕಡೆ ಕೇಳಿಕೊಂಡು ಹೋಗಬೇಕಾಯಿತು. ಅವಳು ಬಾಗಿಲಲ್ಲಿ ಕೂತು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು, ಎಲ್ಲವೂ ಸಣ್ಣ ಅಂಗಿಗಳು. ನನ್ನನ್ನು ನೋಡಿ ಎದ್ದು ನಿಂತಳು, ಕೂರಿ ಎನ್ನಲಿಲ್ಲ. ನಾನೇ ಹೊಸ್ತಿಲ ಮೇಲೆ ಕೂತೆ. ಓದಬಾರದಿತ್ತು, ತಪ್ಪಾಯಿತು ಎಂದೆ. ಅವಳು ಬಟ್ಟೆ ಮಡಚುತ್ತಲೇ ಇದ್ದಳು. ಮಗಳನ್ನು ಆಳಂದದ ಕಡೆ, ತನ್ನ ತಾಯಿಯ ಹತ್ತಿರ ಕಳಿಸುತ್ತಾಳಂತೆ. ಭಾನುವಾರ ಊರಿನವರೊಬ್ಬರು ಹೋಗುತ್ತಿದ್ದಾರೆ, ಜೊತೆ ಸಿಕ್ಕಿದೆ. ಮಗುವನ್ನು ಇಟ್ಟುಕೊಂಡರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಈ ಬಾಡಿಗೆ ಖೋಲಿಯಿಲ್ಲ. ಗಂಡನೂ ಅದನ್ನೇ ಹೇಳಿದ್ದಾನಂತೆ.

‘ದೊಡ್ಡಾಂವನ್ನ ಹಂಗ ಬಿಟ್ಟು ಬಂದೀನ್ರಿ ಅಕ್ಕೋರ,’ ಅಂದಳು. ಅವಳಿಗೆ ಇನ್ನೊಂದು ಮಗು ಇದೆಯೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ‘ಇವಳಷ್ಟ ಇದ್ದ ಆಗ. ಈಗ ಫೋನಿನ್ಯಾಗ ಮಾತಾಡಿಸಿದ್ರ ನನಗ ಚಿಗವ್ವ ಅಂತಾನ.’

ಹೆತ್ತವಳು ಅವನಿಗೆ ಚಿಕ್ಕಮ್ಮನಾಗಿದ್ದಳು. ಮಗು ಒಳಗೆ ಬಕೆಟ್ಟಿನ ಹಿಂದೆ ಕೂತು ಒಂದು ಡಬ್ಬಿಯ ಮುಚ್ಚಳ ಹಾಕಿ ತೆಗೆದು ಮಾಡುತ್ತಿತ್ತು. ಚೀಟಿ ಬರೆಯುವಾಗ ತಾಯಿಯನ್ನು ಕೇಳುವಂತೆಯೇ ಕೇಳಿದೆ: ನಮ್ಮಲ್ಲಿ ಬಿಟ್ಟು ಬೇರೆ ಎಲ್ಲಾದರೂ ಕಚ್ಚಿದ್ದು ಕಂಡಿದ್ದೀಯಾ?

ಅವಳ ಕೈ ನಿಂತಿತು. ‘ಟ್ರೇನ್‌ನಾಗ ಕಡೀತಾಳ್ರಿ,’ ಅಂದಳು. ‘ದಿನಾ.’

ಕೈಯಲ್ಲಿದ್ದ ಅಂಗಿ ಮಡಚಿ, ‘ಮೊದಲನೇ ಸಲ ಒಬ್ಬಾಕಿ ಬ್ಯಾಗ್ ಕಡದಳ್ರಿ. ಆಕಿ ಹಿಂದ ಸರದಳು. ಎಲ್ಲಾರೂ ನಕ್ರು, ನಾನೂ ನಕ್ಕೆ. ಉಸಿರಾಡ್ಲಿಕ್ಕೆ ಜಾಗಾ ಆತಲ್ರಿ, ನನಗ ಛಲೋ ಅನಿಸ್ತು’ ಎಂದಳು.

ಆ ಹೊಸ್ತಿಲ ಮೇಲೆಯೇ ನಾನು ನಿರ್ಧಾರ ಮಾಡಿದೆ. ನಾಳೆ ಕೆಲಸಕ್ಕೆ ಹೊರಡು, ಮಗುವನ್ನು ಕರೆದುಕೊಂಡೇ ಹೊರಡು, ನಾನು ನಿನ್ನ ಜೊತೆ ಬರುತ್ತೇನೆ ಎಂದೆ. ಮಗುವನ್ನು ಕಳಿಸುವುದೇ ಆದರೆ ಭಾನುವಾರ ಕಳಿಸು, ಶನಿವಾರದವರೆಗೆ ನನಗೆ ಕೊಡು. ಅವಳು ಹೂಂ ಅನ್ನಲಿಲ್ಲ. ಆದರೆ ಎಷ್ಟು ಗಂಟೆಯ ಗಾಡಿ ಎಂದು ಹೇಳಿದಳು.

ಗುರುವಾರ ಬೆಳಿಗ್ಗೆ ಉಲ್ಟಾ ದಿಕ್ಕಿನ ಖಾಲಿ ಗಾಡಿಯಲ್ಲಿ ಶಹಾಡ್‌ಗೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಅವಳು ಬಂದಳು. ಕಸಾರಾ ಕಡೆಯಿಂದ ಬರುವ ಲೋಕಲ್ ಅಲ್ಲಿಗೆ ಬರುವಾಗಲೇ ತುಂಬಿರುತ್ತದೆ. ಹೆಂಗಸರ ಬೋಗಿಯ ಬಾಗಿಲಿಗೆ ಹೇಗೋ ಸೇರಿಕೊಂಡೆವು. ಮಗು ಅವಳ ಸೊಂಟದ ಮೇಲೆ, ಮುಖ ಹೊರಗೆ. ಕಲ್ಯಾಣದಲ್ಲಿ ಇಳಿದವರಿಗಿಂತ ಹತ್ತಿದವರು ಹೆಚ್ಚು. ನನ್ನ ಕಾಲು ನೆಲಕ್ಕಿದೆಯೋ ಇಲ್ಲವೋ ತಿಳಿಯಲಿಲ್ಲ. ಒಬ್ಬರ ಬ್ಯಾಗು ಮಗುವಿನ ಕಿವಿಗೆ ಒತ್ತುತ್ತಿತ್ತು, ಇನ್ನೊಬ್ಬರ ಮೊಣಕೈ ಹಣೆಗೆ. ಮಗು ಅಳಲಿಲ್ಲ. ಇಷ್ಟು ವರ್ಷ ಮಕ್ಕಳ ಮುಖ ನೋಡಿಕೊಂಡು ಬಂದವಳು ನಾನು. ಹೆದರಿದ ಮಗು ಅತ್ತರೆ ಅರ್ಧ ಭಾರ ಇಳಿದಂತೆ. ಇದು ಅಳದೆ ಸುತ್ತ ನೋಡಿತು. ಹತ್ತಿರ ಇದ್ದದ್ದು ಕಂಬಿ ಹಿಡಿದಿದ್ದ ನನ್ನ ತೋಳು. ಕಚ್ಚಿತು.

ಗೊತ್ತಿದ್ದೂ ನಾನು ತೋಳು ಹಿಂದಕ್ಕೆ ಎಳೆದುಕೊಂಡೆ. ನನ್ನ ಹಿಂದಿನವಳು ಸರಿದಳು, ಅವಳ ಹಿಂದಿನವಳೂ ಸರಿದಳು. ಮಗುವಿನ ಮುಖದ ಮುಂದೆ ಒಂದು ಅಂಗೈಯಷ್ಟು ಜಾಗವಾಯಿತು. ಅದು ಒಂದು ದೊಡ್ಡ ಉಸಿರು ಎಳೆದುಕೊಂಡು ತಾಯಿಯ ಕುತ್ತಿಗೆಗೆ ಕೆನ್ನೆ ಇಟ್ಟಿತು. ದಿನಾ ಅದೇ ಗಾಡಿಯಲ್ಲಿ ಬರುವ ಒಬ್ಬಾಕೆ ನಗುತ್ತಾ ನನಗೆ, ‘ಅಗ, ಹೀ ಚಾವತೇ ಹಂ’ ಎಂದು ಮರಾಠಿಯಲ್ಲಿ ಎಚ್ಚರಿಕೆ ಕೊಟ್ಟಳು. ಇದು ಕಚ್ಚುತ್ತೆ, ನೋಡಿಕೊಳ್ಳಿ ಎಂದು.

ಠಾಕುರ್ಲಿ ದಾಟುವಾಗ ತಾಯಿ ನನ್ನ ಕಿವಿಯ ಹತ್ತಿರ ಹೇಳಿದಳು, ‘ನೀವೂ ಸಾಲಿಗೆ ರೈಲು ಅಂತೀರಲ್ರಿ ಅಕ್ಕೋರ. ಮನ್ಯಾಗ ಬಂದು ಕುಕ್ ಕುಕ್ ಅಂತಾಳ್ರಿ. ಅಷ್ಟ ಮಾತು ಆಕಿದು.’

ಡೊಂಬಿವಲಿಯಲ್ಲಿ ಇಳಿಯುವವರು ಬಾಗಿಲ ಕಡೆ ತಿರುಗತೊಡಗಿದ್ದರು. ಸುತ್ತಲೂ ಒಂದೇ ಮಾತು, ಒಬ್ಬರು ಬಿಟ್ಟರೆ ಇನ್ನೊಬ್ಬರು: ‘ಸರಕಾ, ಜರಾ ಸರಕಾ ನಾ.’ ಸರಿಯಿರಿ, ಸ್ವಲ್ಪ ಸರಿಯಿರಿ. ಆ ಮಾತು ಕೇಳಿದ ಕೂಡಲೇ, ಕೆಲವರು ಬೈದುಕೊಂಡು, ಕೆಲವರು ಸುಮ್ಮನೆ, ಎಲ್ಲರೂ ಒಂದು ಭುಜದಷ್ಟು ಸರಿಯುತ್ತಿದ್ದರು. ಬೋಗಿಯ ಅಷ್ಟೂ ಹೆಂಗಸರ ಬಳಿ ಆ ಒಂದು ಮಾತಿತ್ತು.

ಅವತ್ತು ಬಾಲವಾಡಿಯ ರೈಲು ನಿಲ್ಲಿಸಿದೆ. ಎರಡು ಪ್ಲಾಸ್ಟಿಕ್ ಟಬ್ಬುಗಳಲ್ಲಿ ನೀರು ತಂದು ಸಭಾಗೃಹದ ಮಧ್ಯೆ ಚಾಪೆಯ ಮೇಲಿಟ್ಟೆ. ಇಬ್ಬಿಬ್ಬರು ಬಂದು ಕೈ ತೊಳೆಯುವುದು, ಉಳಿದವರು ಕೂತಲ್ಲೇ ಹಾಡುವುದು. ನೆಲ ಒದ್ದೆ, ಒರೆಸಿದ್ದೇ ಒರೆಸಿದ್ದು. ನಮ್ಮ ಸಹಾಯಕಿ ಮಾವಶಿ ಗೊಣಗಿದಳು. ಗುರುವಾರ, ಶುಕ್ರವಾರ ಎರಡೂ ದಿನ ಮಗು ಯಾರನ್ನೂ ಮುಟ್ಟಲಿಲ್ಲ. ಎರಡು ದಿನ ಏನೂ ಅಲ್ಲ ಎಂದು ನನಗೂ ಗೊತ್ತಿತ್ತು.

ಶನಿವಾರ ಅವಳು ಬಂದಳು, ಬಾಗಿಲ ಬಳಿಯ ಅದೇ ಜಾಗದಲ್ಲಿ ಕೂತಳು. ಈ ಸಲ ಚೀಟಿ ಓದುವ ಮೊದಲೇ ಅವಳ ಒಪ್ಪಿಗೆ ಪಡೆದಿದ್ದೆ. ಮೊದಲು ನನ್ನ ಚೀಟಿ ಓದಿದೆ. ಹೋದ ಶನಿವಾರ, ನಾಲ್ಕೂವರೆ ಗಂಟೆ, ಸಭಾಗೃಹ. ಶಿಕ್ಷಕಿ ಒಂದು ಮಗುವಿನ ವಿಷಯವನ್ನು ತಾಯಿಯ ಎದುರೇ ಎಲ್ಲರಿಗೂ ಓದಿದಳು. ತಾಯಿ ಎದ್ದು ಹೋದಳು. ದೊಡ್ಡವರು ಏನೂ ಮಾಡಲಿಲ್ಲ. ಆಮೇಲೆ ಐದು ಚೀಟಿಗಳನ್ನು ಗೋಡೆಗೆ ಅಂಟಿಸಿ ಗಂಟೆ ಮತ್ತು ಜಾಗ ತೋರಿಸಿದೆ. ಆ ಸಾಲು ನಾನು ಹಾಕಿದ್ದು, ಐದೂ ಸಲ ಮಗುವನ್ನು ಆ ಇಕ್ಕಟ್ಟಿಗೆ ನಿಲ್ಲಿಸಿದವಳು ನಾನು ಎಂದೆ. ಗಾಡಿಯ ವಿಷಯ ಹೇಳಿ ತೋಳಿನ ಗುರುತು ತೋರಿಸಿದೆ. ನೀಲಿಗಟ್ಟಿತ್ತು.

ಐರೋಲಿಯ ತಂದೆ ಗಮನವಿಟ್ಟು ಕೇಳಿದರು. ‘ನೀವು ಹೇಳೋದೆಲ್ಲ ಅರ್ಥ ಆಗುತ್ತೆ ಮೇಡಂ. ಆದ್ರೆ ಅವನು ರಾತ್ರಿ ಕೆನ್ನೆ ಮೇಲೆ ಕೈ ಇಟ್ಕೊಂಡೇ ಮಲಗ್ತಾನೆ. ಇನ್ನು ಕಚ್ಚಲ್ಲ ಅಂತ ಗ್ಯಾರಂಟಿ ಕೊಡ್ತೀರಾ?’

ಕೊಡಲಾರೆ ಎಂದೆ. ಸುಳ್ಳು ಹೇಳಿದ್ದರೆ ಒಂದೆರಡು ಕಾಳು ಹೆಚ್ಚು ಬೀಳುತ್ತಿತ್ತೇನೋ.

ಅವಳ ಮನೆ ಬಿಟ್ಟು ಹದಿಮೂರು ಮನೆ. ಒಬ್ಬೊಬ್ಬರೇ ಒಳಕೋಣೆಗೆ ಹೋಗಿ ಡಬ್ಬಿಗೆ ಹಾಕಿ ಬಂದರು. ಕಾಳು ಬೀಳುವ ಸದ್ದು ಹೊರಗೆ ಕೇಳುತ್ತಿತ್ತು, ಕಡಲೆಯದೋ ಹುಣಸೆಯದೋ ಸದ್ದಿನಲ್ಲಿ ತಿಳಿಯುವುದಿಲ್ಲ. ಕಾರ್ಯದರ್ಶಿ ಡಬ್ಬಿಯನ್ನು ಪೇಪರಿನ ಮೇಲೆ ಸುರಿದರು. ಹುಣಸೆ ಬೀಜ ಎಂಟು, ಕಡಲೆ ಐದು. ಅವಳು ಎಣಿಕೆ ಮುಗಿಯುವುದಕ್ಕೂ ಮೊದಲೇ ಮಗಳ ಚಪ್ಪಲಿ ಕೈಗೆತ್ತಿಕೊಂಡಿದ್ದಳು.

‘ಸ್ವಲ್ಪ ನಿಲ್ಲಿ ಮಾರಾಯ್ರೆ,’ ಎಂದು ಕಾರ್ಯದರ್ಶಿ ಕನ್ನಡಕ ಏರಿಸಿ ಪುಸ್ತಕದ ಪುಟ ತಿರುವಿದರು. ಬಿಡಿಸಲು ಮೂರರಲ್ಲಿ ಎರಡು ಪಾಲು ಬೇಕು ಎಂದಿದೆ. ಹದಿಮೂರಕ್ಕೆ ಒಂಬತ್ತು. ಒಂದು ಬೀಜ ಕಡಿಮೆ.

ಹೀಗೆ ಮಗು ಉಳಿಯಿತು, ಯಾರ ಮನಸ್ಸಿನಿಂದಲೂ ಅಲ್ಲ, ಒಂದು ಬೀಜದಿಂದ. ಅದನ್ನು ಅರಿತವರಂತೆ ಐರೋಲಿಯ ತಂದೆ ಒಂದು ಮಾತು ಸೇರಿಸಿದರು: ಎರಡು ವಾರ ನೋಡೋಣ, ಅಷ್ಟರಲ್ಲಿ ಇನ್ನೊಂದು ಸಲ ಕಚ್ಚಿದರೆ ಕಾಳಿಲ್ಲ, ಡಬ್ಬಿಯಿಲ್ಲ, ಬಿಡಿಸುವುದೇ. ಆ ಎರಡು ವಾರ ವಾರಕ್ಕೆರಡು ಪಾಳಿ ತಾವೇ ಮಾಡುವುದಾಗಿಯೂ ಹೇಳಿದರು. ಎಲ್ಲರೂ ಒಪ್ಪಿದರು. ನಾನು ಅವಳ ಮುಖ ನೋಡಿದೆ. ಅವಳು ತಲೆಯಾಡಿಸಿದಳು. ಭಾನುವಾರ ಹೊರಟ ಊರಿನವರ ಜೊತೆ ಮಗು ಹೋಗಲಿಲ್ಲ. ಆದರೆ ಬಟ್ಟೆ ತುಂಬಿದ ಚೀಲವನ್ನು ಅವಳು ಬಿಚ್ಚಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಕಚ್ಚುವ ಬದಲು ‘ಸರಕಾ’ ಎನ್ನಲು ಕಲಿಸುವ ಕೆಲಸ ಗಾಡಿಯಲ್ಲಿ ಅವಳದು, ಬಾಲವಾಡಿಯಲ್ಲಿ ನನ್ನದು. ಅವಳು ಹತ್ತಿದ ಕೂಡಲೇ ಮಗಳ ಕಿವಿಯಲ್ಲಿ ‘ಸರಕಾ ಅನ್ನವ್ವ’ ಎನ್ನುತ್ತಿದ್ದಳು. ಅವಳು ಕೇಳಿಕೊಂಡದ್ದಕ್ಕೆ ದಿನಾ ಬರುವ ಹೆಂಗಸರು ಸರಿದು ತೋರಿಸುತ್ತಿದ್ದರಂತೆ. ನಾನು ಇಲ್ಲಿ ಚಾಪೆಯ ಮೇಲೆ ಆಟ ಮಾಡಿದೆ. ಒಬ್ಬರು ಹತ್ತಿರ ಹತ್ತಿರ ಬರುವುದು, ಮಗು ‘ಸರಕಾ’ ಅನ್ನುವುದು, ಬಂದವರು ಹಿಂದೆ ಹೋಗುವುದು. ಹದಿಮೂರು ಮಕ್ಕಳು ಎರಡೇ ದಿನದಲ್ಲಿ ಕಲಿತು, ಮನೆಯಲ್ಲಿ ಅಪ್ಪ ಅಮ್ಮನಿಗೂ ಸರಕಾ ಅಂದರು. ಇವಳು ಆಟ ನೋಡಿದಳು, ತನ್ನ ಸರದಿ ಬಂದಾಗ ತುಟಿ ಬಿಗಿಹಿಡಿದಳು. ಮೊದಲ ವಾರ ಹೋಯಿತು. ಎರಡನೆಯ ಮಂಗಳವಾರ ನನ್ನ ಸೆರಗಿಗೆ ಬಾಯಿ ಹಾಕಿದಳು. ಬಟ್ಟೆ ಎಂದು ನಾನು ಚೀಟಿಯಲ್ಲಿ ಬರೆದೆ, ಮಗುವಲ್ಲ, ಬಟ್ಟೆ. ಐರೋಲಿಯ ತಂದೆ ಅದನ್ನು ಓದಿ ಮಡಚಿ ಹಿಂದಿರುಗಿಸಿದರು. ನಾನು ಪ್ರತಿ ಬೆಳಿಗ್ಗೆ ಹತ್ತು ಗಂಟೆಯಾದರೆ ಗಡಿಯಾರ ನೋಡತೊಡಗಿದ್ದೆ.

ಗಡುವು ಮುಗಿಯಲು ಮೂರು ದಿನವಿದೆ ಎನ್ನುವಾಗ ಬೆಳಗ್ಗಿನಿಂದಲೇ ಮಳೆ ಹೊಡೆಯಿತು. ಹತ್ತು ಗಂಟೆಗೆ ಲೋಕಲ್‌ಗಳು ನಿಂತವೆಂದು ಗುಂಪಿನಲ್ಲಿ ಸುದ್ದಿ ಬಂತು, ಹತ್ತೂವರೆಯೊಳಗೆ ಪಾಲಕರೆಲ್ಲ ಒಟ್ಟಿಗೆ ಬಂದರು. ಮುಂದಿನ ರಸ್ತೆಯಲ್ಲಿ ನೀರು ನಿಂತಿದ್ದರಿಂದ ಎಲ್ಲರೂ ಹಿಂದಿನ ಬಾಗಿಲಿಗೆ, ಅಂದರೆ ಅದೇ ಪ್ಯಾಸೇಜಿಗೆ. ಕೊಡೆಗಳು, ರೇನ್‌ಕೋಟು, ಚೀಲ, ಮಕ್ಕಳ ಹೆಸರು ಕೂಗುವ ಸದ್ದು. ನಾನು ಅಳುತ್ತಿದ್ದ ಇನ್ನೊಂದು ಮಗುವಿಗೆ ಬೂಟು ಹಾಕುತ್ತಾ ಸಭಾಗೃಹದ ಈ ಕಡೆ ಇದ್ದೆ. ತಲೆಯೆತ್ತಿದಾಗ ಆ ಎರಡು ಜುಟ್ಟು ಪ್ಯಾಸೇಜಿನ ನಡುವೆ ಕಂಡಿತು. ಕುಕ್ ಕುಕ್ ಇಲ್ಲದ ರೈಲೊಂದರಲ್ಲಿ ಸಿಕ್ಕಿಕೊಂಡಿತ್ತು ಮಗು. ಅದರ ತಾಯಿ ಎಲ್ಲೋ ರೊಟ್ಟಿ ಬಡಿಯುತ್ತಿದ್ದಳು. ಮುಂದೆ ಐರೋಲಿಯ ತಂದೆಯ ಬೆನ್ನು. ಅವತ್ತು ಅವರದೇ ಪಾಳಿ. ಮಗನನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲಿಗೆ ಅಡ್ಡವಾಗಿ ನಿಂತು, ಯಾರಿಗೋ ಫೋನಿನಲ್ಲಿ ಏನೋ ಹೇಳುತ್ತಿದ್ದರು. ಹಿಂದಿನಿಂದ ಒಂದು ಕೊಡೆಯ ತುದಿ ಮಗುವಿನ ಬೆನ್ನಿಗೆ ತಾಗಿತು. ಮಗು ಅವರ ಕಾಲಿನ ಹತ್ತಿರಕ್ಕೆ ಹೋಯಿತು. ಬಾಯಿ ತೆರೆಯಿತು.

ನಾನು ಎದ್ದೆ. ಮಧ್ಯೆ ಎಂಟು ಹತ್ತು ಜನ. ಕೂಗಿದರೆ ಎಲ್ಲರೂ ತಿರುಗುತ್ತಾರೆ, ಎಲ್ಲರೂ ನೋಡುತ್ತಾರೆ. ಕೂಗದೆ ಜನರ ನಡುವೆ ನುಗ್ಗಿದೆ. ಅಷ್ಟರಲ್ಲಿ ಒಬ್ಬರ ರೇನ್‌ಕೋಟು ಅಡ್ಡ ಬಂತು. ಅದು ಸರಿಯುವಷ್ಟರಲ್ಲಿ ಮಗು ಬಾಗಿಲಾಚೆಯ ಕಟ್ಟೆಯ ಮೇಲೆ ನಿಂತು ಮಳೆ ನೋಡುತ್ತಿತ್ತು. ಐರೋಲಿಯ ತಂದೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು, ಫೋನು ಕಿವಿಯಿಂದ ಕೆಳಗಿಳಿದಿತ್ತು. ಏನಾಯಿತೆಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರು ಮೇಜಿನ ಹತ್ತಿರ ಬಂದು, ನಿಂತೇ ಪೆನ್ಸಿಲಿನಲ್ಲಿ ಚೀಟಿ ತುಂಬಿ, ಮಡಚಿ ಚೀಟಿಗಳ ಡಬ್ಬಿಗೆ ಹಾಕಿ, ಮಗನನ್ನು ಎತ್ತಿಕೊಂಡು ಹೋದರು.

ತಾಯಿ ಬಂದದ್ದು ಮಧ್ಯಾಹ್ನ ಮೂರರ ಹೊತ್ತಿಗೆ, ಮೊಣಕಾಲವರೆಗೆ ನೆನೆದಿದ್ದಳು. ನೀರು ತುಂಬಿದ ರಸ್ತೆಗಳಲ್ಲಿ ನಾಲ್ಕೂ ಮನೆ ಮುಗಿಸಿ ಬಂದಿದ್ದಳು. ಮಗು ಚಾಪೆಯ ಮೇಲೆ ನಿದ್ದೆಹೋಗಿತ್ತು. ಮಗುವನ್ನೂ ನೋಡದೆ, ‘ಕಡದಳೇನ್ರಿ?’ ಎಂದು ಕೇಳಿದಳು.

ಅಲ್ಲಿಯವರೆಗೆ ನಾನು ಚೀಟಿ ಬಿಚ್ಚಿರಲಿಲ್ಲ. ಅವಳ ಎದುರೇ ಬಿಚ್ಚಿದೆ, ಅವಳಿಗೆ ಕೇಳುವಷ್ಟೇ ಮೆಲ್ಲಗೆ ಓದಿದೆ. ಹತ್ತೂ ನಲವತ್ತು. ಹಿಂದಿನ ಬಾಗಿಲು. ಮುಂಚೆ ಏನಾಯಿತು: ನಾನು ದಾರಿಗೆ ಅಡ್ಡ ನಿಂತಿದ್ದೆ, ಮಗುವಿಗೆ ಹಿಂದಿನಿಂದ ಕೊಡೆ ತಾಗಿತು. ಮಗು ಏನು ಮಾಡಿತು: ನನ್ನ ಕಾಲಿನ ಹತ್ತಿರ ಬಾಯಿ ತೆರೆಯಿತು, ‘ಸರಕಾ’ ಅಂದಿತು.

ಅವಳು ಅಲ್ಲೇ ಕುಕ್ಕರಿಸಿದಳು. ಒದ್ದೆ ಸೀರೆಯಿಂದ ನೆಲದ ಮೇಲೆ ನೀರಿಳಿಯುತ್ತಿತ್ತು.

‘ಇನ್ನೊಂದು ಮನಿ ಉಳದೈತಲ್ರಿ ಚೀಟ್ಯಾಗ,’ ಅಂದಳು. ‘ಅದನ್ನೂ ಓದ್ರಿ ಅಕ್ಕೋರ.’

ಓದಿದೆ. ದೊಡ್ಡವರು ಏನು ಮಾಡಿದರು: ಸರಿದು ನಿಂತೆ.